ಕ್ರೂಸಿಂಗ್ ದೋಣಿಗೆ ಹೊಸ ಹಾಯಿ ಹೊಲಿಸುವುದು: ಅಳತೆ ಟೇಪಿನಿಂದ ಮೊದಲ ಓಟದವರೆಗೆ

ಹೊಸ ಜೆನೋವಾ, ಅಂದರೆ ಹಾಯಿಕಂಬದ ಮುಂದೆ ಏರುವ ದೊಡ್ಡ ಹಾಯಿ, ಬಂದ ದಿನ ಅದನ್ನು ಏರಿಸಿ, ಬಿಡಿಸಿ, ಮತ್ತೆ ಸುತ್ತಿ, ಕಟ್ಟೆಯ ಮೇಲೆ ನಿಂತು ನೋಡಿದೆ. ಬಿಸಿಲು ತಡೆಯಬೇಕಿದ್ದ ನೀಲಿ ಪಟ್ಟಿ ಸುರುಳಿಯ ಒಳಗೆ ಮುದುಡಿ ಕೂತಿತ್ತು. ಬಿಸಿಲಿಗೆ ಮೈಯೊಡ್ಡಿದ್ದು ಹೊಚ್ಚಹೊಸ ಬಿಳಿ ಬಟ್ಟೆ. ಹೊಲಿದವರದ್ದೇನೂ ತಪ್ಪಿಲ್ಲ. ಮೂರು ತಿಂಗಳು ಬಟ್ಟೆಯ ಬಗೆಗಳನ್ನು ಓದಿ ಓದಿ ತಲೆ ಚಿಟ್ಟು ಹಿಡಿಸಿಕೊಂಡಿದ್ದ ನಾನು, ಆರ್ಡರ್ ಫಾರಂನಲ್ಲಿ, ಹಾಯಿಯನ್ನು ಸುರುಳಿ ಸುತ್ತುವ ಸಾಧನದ ಬಗ್ಗೆ, ‘ಫರ್ಲರ್ ಯಾವ ಕಡೆಗೆ ಸುತ್ತುತ್ತದೆ?’ ಎಂದು ಕೇಳಿದ್ದ ಒಂದೇ ಒಂದು ಸಾಲನ್ನು ಖಾಲಿ ಬಿಟ್ಟಿದ್ದೆ. ಅವರು ತಮ್ಮ ರೂಢಿಯಂತೆ ಒಂದು ಬದಿಗೆ ಹೊಲಿದು ಕಳುಹಿಸಿದ್ದರು.

ಆಮೇಲೆ ಬೇರೆಯವರ ದೋಣಿಗಳಲ್ಲೂ ಇಂಥದ್ದನ್ನೇ ಕಂಡಿದ್ದೇನೆ. ಬಟ್ಟೆ ಸರಿಯಿಲ್ಲದೆ ಹಾಯಿ ಕೆಟ್ಟ ಉದಾಹರಣೆ ಕಡಿಮೆ. ಸ್ಲೈಡು ಮಾಸ್ಟಿನ ಗಾಡಿಗೆ ಹೊಗದಿರುವುದು, ಬೂಮು ಬಂದು ಬಿಸಿಲ ಚಪ್ಪರಕ್ಕೆ ತಾಗುವುದು, ರೀಫಿನ ಉಂಗುರ ಕೊಕ್ಕೆಗೆ ಎಟುಕದಿರುವುದು, ಇವೇ ಹೆಚ್ಚು. (ಮಾಸ್ಟ್ ಎಂದರೆ ಹಾಯಿಕಂಬ, ಗಾಡಿ ಅದರ ಉದ್ದಕ್ಕಿರುವ ಸೀಳು, ಸ್ಲೈಡು ಆ ಸೀಳಿನಲ್ಲಿ ಜಾರುವ ಹಾಯಿಯ ಗುಂಡಿ, ಬೂಮು ಹಾಯಿಯ ಕೆಳಗಿನ ಅಡ್ಡಕಂಬ, ರೀಫ್ ಎಂದರೆ ಜೋರುಗಾಳಿಗೆ ಹಾಯಿಯನ್ನು ಸ್ವಲ್ಪ ಇಳಿಸಿ ಚಿಕ್ಕದು ಮಾಡುವುದು.) ಆದ್ದರಿಂದ ಇಲ್ಲಿ ಬಟ್ಟೆಗಿಂತ ಅಳತೆಗೂ ಕಿರಿಕಿರಿಯ ವಿವರಗಳಿಗೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲಿಗೆ ಕೆಲವು ಹೆಸರು ಗೊತ್ತಿರಲಿ, ಮುಂದೆ ಬೇಕಾಗುತ್ತವೆ. ತ್ರಿಕೋನದ ಹಾಯಿಗೆ ಮುಂದಿನ ಅಂಚು ಲಫ್, ಹಿಂದಿನ ಅಂಚು ಲೀಚ್, ಕೆಳಗಿನ ಅಂಚು ಫುಟ್. ಮೂಲೆಗಳಲ್ಲಿ ತುದಿಯದು ಹೆಡ್, ಕೆಳಗೆ ಮುಂದಿನದು ಟ್ಯಾಕ್, ಕೆಳಗೆ ಹಿಂದಿನದು ಕ್ಲೂ. ಮಾಸ್ಟಿನ ಹಿಂದೆ, ಬೂಮಿನ ಮೇಲೆ ಏರುವ ಮುಖ್ಯ ಹಾಯಿ ಮೇನ್‌ಸೇಲ್. ಅದರ ಲೀಚ್ ನೇರ ಗೆರೆಯನ್ನು ದಾಟಿ ಹಿಂದಕ್ಕೆ ಉಬ್ಬಿದ ಭಾಗವೇ ರೋಚ್. ಹಾಯಿ ಹೊಲಿಯುವ ಕಾರ್ಯಾಗಾರವನ್ನು ಎಲ್ಲರೂ ಲಾಫ್ಟ್ ಎನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಹಳೆಯದು ನಿಜಕ್ಕೂ ಮುಗಿದಿದೆಯೇ?

ಹೊಲಿಗೆ ಬಿಟ್ಟ ಹಾಯಿ ಬೇರೆ, ಬಟ್ಟೆ ಸತ್ತ ಹಾಯಿ ಬೇರೆ. ಬಿಸಿಲಿಗೆ ಬಟ್ಟೆಗಿಂತ ಮೊದಲು ಸೋಲುವುದು ದಾರ. ಅದು ಬಟ್ಟೆಯ ಮೇಲೆ ಎದ್ದು ನಿಂತಿರುತ್ತದೆ, ಬಿಸಿಲೂ ಉಜ್ಜಾಟವೂ ಅದಕ್ಕೇ ಮೊದಲು. ಲೀಚಿನ ಹತ್ತಿರ ಹೊಲಿಗೆಯ ಮೇಲೆ ಹೆಬ್ಬೆರಳ ಉಗುರಿನಿಂದ ಗಟ್ಟಿಯಾಗಿ ಕೆರೆಯಿರಿ. ದಾರ ಪುಡಿಪುಡಿಯಾಗಿ ಎದ್ದರೆ ಹಾಯಿಗೆ ಮರುಹೊಲಿಗೆ ಬೇಕು. ಹೊಸ ಹಾಯಿಯೇ ಬೇಕೆಂದೇನಿಲ್ಲ. ಅದೇ ಜಾಗದಲ್ಲಿ ಅಂಚಿನ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಹರಿಯಲು ನೋಡಿ. ಹಳೆಯ ದಿನಪತ್ರಿಕೆಯಂತೆ ಹರಿದು ಬಂದರೆ ಅದಕ್ಕೆ ಮರುಹೊಲಿಗೆ ಹಾಕಿಸುವುದು ದುಡ್ಡು ದಂಡ.

ಮೂರನೆಯದು ಆಕಾರ. ಇದನ್ನು ಕೈಯಿಂದ ತಿಳಿಯಲಾಗದು, ಕ್ಯಾಮೆರಾ ಬೇಕು. ಹತ್ತು-ಹನ್ನೆರಡು ನಾಟ್ ಗಾಳಿಯಲ್ಲಿ ಗಾಳಿಗೆ ಆದಷ್ಟು ಎದುರಾಗಿ ಓಡಿಸುತ್ತ, ಫುಟ್‌ನ ನಡುವೆ ತಲೆಯಿಟ್ಟು ನೇರ ಮೇಲಕ್ಕೆ ಫೋಟೋ ತೆಗೆಯಿರಿ. ಹಾಯಿಯ ಉಬ್ಬು ಎಲ್ಲಿದೆ ನೋಡಿ. ಮೇನ್‌ಸೇಲಿನಲ್ಲಿ ಉಬ್ಬಿನ ಆಳವಾದ ಜಾಗ ಲಫ್‌ನಿಂದ ಲೀಚ್‌ವರೆಗಿನ ಅಗಲದ ಸುಮಾರು 40–45 ಶೇಕಡದಲ್ಲಿ, ಜೆನೋವಾದಲ್ಲಿ 35–40 ಶೇಕಡದಲ್ಲಿ ಇರಬೇಕು. ಡೇಕ್ರಾನ್ (ಹಾಯಿಯ ಸಾಮಾನ್ಯ ಪಾಲಿಯೆಸ್ಟರ್ ಬಟ್ಟೆ) ಹಿಗ್ಗಿದಂತೆ ಈ ಹೊಟ್ಟೆ ಹಿಂದಕ್ಕೆ ಜಾರುತ್ತದೆ, ಲೀಚ್ ಕೊಕ್ಕೆಯಂತೆ ಒಳಕ್ಕೆ ಬಾಗುತ್ತದೆ. ಆಗ ದೋಣಿ ಮುಂದಕ್ಕೆ ಓಡುವ ಬದಲು ಪಕ್ಕಕ್ಕೆ ವಾಲುತ್ತದೆ. ‘ಈಚೆಗೆ ದೋಣಿ ಬೇಗ ವಾಲುತ್ತಿದೆ, ರೀಫ್ ಬೇಗ ಬೇಕಾಗುತ್ತಿದೆ’ ಎನ್ನುವವರ ಹಾಯಿ ಬಹುಪಾಲು ಈ ಸ್ಥಿತಿಗೆ ಬಂದಿರುತ್ತದೆ. ಒಂದು ಸಲ ಲೀಚ್ ಕತ್ತರಿಸಿ ಸರಿಮಾಡಿಸಬಹುದು. ಬಟ್ಟೆಯೇ ಮೆತ್ತಗಾಗಿದ್ದರೆ ಅದು ಒಂದೆರಡು ವರ್ಷದ ಮಾತು.

ಲಾಫ್ಟ್‌ಗೆ ಬರೆಯುವ ಮುನ್ನ ಒಂದು ಪುಟ ಬರೆಯಿರಿ

ವಾರಾಂತ್ಯಕ್ಕೆ ಕೊಲ್ಲಿಯೊಳಗೆ ಓಡಾಡುವ ದೋಣಿಗೂ ಸಾಗರ ದಾಟುವ ದೋಣಿಗೂ ಒಂದೇ ಹಾಯಿ ಹೊಂದುವುದಿಲ್ಲ. ದೋಣಿಯ ಮಾದರಿ, ತುಂಬಿದ ತೂಕ, ವರ್ಷಕ್ಕೆ ಎಷ್ಟು ದಿನ ಓಡಿಸುತ್ತೀರಿ, ಹಾಯಿ ವರ್ಷವಿಡೀ ಮಾಸ್ಟಿನ ಮೇಲೇ ಇರುತ್ತದೆಯೇ, ದೋಣಿಯಲ್ಲಿ ಸಾಮಾನ್ಯವಾಗಿ ಎಷ್ಟು ಜನ, ಎಷ್ಟು ಗಾಳಿಗೆ ಮೊದಲ ರೀಫ್ ಹಾಕುತ್ತೀರಿ, ಹಳೆಯ ಹಾಯಿಯಲ್ಲಿ ನಿಮಗೆ ಸಿಟ್ಟು ಬರಿಸಿದ್ದು ಯಾವುದು, ಇಷ್ಟನ್ನು ಬರೆಯಿರಿ. ಕೊನೆಯದನ್ನು ಬಿಡಬೇಡಿ. ‘ಕ್ಲೂ ತೀರಾ ಕೆಳಗಿದೆ, ಮುಂದೆ ಏನೂ ಕಾಣಿಸುವುದಿಲ್ಲ’ ಎಂಬ ಒಂದು ಸಾಲು, ಬಟ್ಟೆಯ ಬಗ್ಗೆ ಹತ್ತು ಪ್ರಶ್ನೆ ಕೇಳುವುದಕ್ಕಿಂತ ಹೊಲಿಯುವವರಿಗೆ ಉಪಯೋಗ.

ಇದೇ ಪುಟವನ್ನು ಮೂರು ಲಾಫ್ಟ್‌ಗಳಿಗೆ ಕಳುಹಿಸಿ. ಉತ್ತರವಾಗಿ ಬರಿಯ ಬೆಲೆ ಬಂತೋ, ಮರುಪ್ರಶ್ನೆಗಳು ಬಂದವೋ ಗಮನಿಸಿ. ನಾನು ಮರುಪ್ರಶ್ನೆ ಕೇಳಿದವರ ಕಡೆಗೇ ವಾಲುತ್ತೇನೆ, ಬೆಲೆ ಸ್ವಲ್ಪ ಹೆಚ್ಚಿದ್ದರೂ.

ಅಳತೆ: ದೋಣಿಯನ್ನು ಅಳೆಯಿರಿ, ಹಳೆಯ ಹಾಯಿಯನ್ನಲ್ಲ

ಸಾಧ್ಯವಿದ್ದರೆ ಲಾಫ್ಟಿನವರೇ ಬಂದು ಅಳೆಯಲಿ. ಇದರಲ್ಲಿ ಅನುಕೂಲಕ್ಕಿಂತ ಹೊಣೆಯ ಪ್ರಶ್ನೆ ದೊಡ್ಡದು. ಅಳೆದವರು ಯಾರೋ, ಹೊಂದದಿದ್ದಾಗ ಸರಿಮಾಡುವ ಖರ್ಚು ಅವರ ತಲೆಗೆ. ದೂರದ ಲಾಫ್ಟಿನಿಂದ ಕಡಿಮೆ ಬೆಲೆಗೆ ತರಿಸಿದಾಗ ಆ ಹೊಣೆಯನ್ನು ನೀವು ಹೊರುತ್ತಿದ್ದೀರಿ; ಬೆಲೆಯಲ್ಲಿ ಉಳಿದ ಹಣದ ಒಂದು ಪಾಲು ಅದಕ್ಕೆ ಸಿಗುವ ಕೂಲಿ ಎಂದುಕೊಳ್ಳಿ.

ಹಳೆಯ ಹಾಯಿಯನ್ನು ಅಂಗಳದಲ್ಲಿ ಹಾಸಿ ಅಳೆದು ಕೊಟ್ಟರೆ ಸಾಕಲ್ಲವೇ ಎಂದು ಎಲ್ಲರಿಗೂ ಅನಿಸುತ್ತದೆ. ಆದರೆ ಹಳೆಯ ಹಾಯಿಯ ಬಟ್ಟೆ ಹಿಗ್ಗಿರುತ್ತದೆ, ಲಫ್‌ನೊಳಗಿನ ಹಗ್ಗ ಕುಗ್ಗಿರುತ್ತದೆ. ಅದನ್ನು ಹೊಲಿದವರೇ ತಪ್ಪಿರಬಹುದು. ಆಮೇಲೆ ಯಾರೋ ಫರ್ಲರ್ ಬದಲಿಸಿರಬಹುದು, ಕಾಕ್‌ಪಿಟ್ ಮೇಲೆ ಚಪ್ಪರ ಕಟ್ಟಿರಬಹುದು. ಮೈ ಬಿಟ್ಟು ಹಳೆಯ ಅಂಗಿಯ ಅಳತೆಗೆ ಹೊಸ ಅಂಗಿ ಹೊಲಿಸಿದ ಹಾಗೆ. ಹಳೆಯ ಹಾಯಿಯ ಅಳತೆಯನ್ನೂ ಕೊಡಿ, ಆದರೆ ತಾಳೆ ನೋಡಲಿಕ್ಕೆ ಮಾತ್ರ.

ದೋಣಿ ತಯಾರಕರ ಕಾಗದಗಳಲ್ಲಿ ನಾಲ್ಕು ಅಕ್ಷರಗಳು ಕಾಣುತ್ತವೆ: ಪಿ, ಇ, ಐ, ಜೆ. ಪಿ ಎಂದರೆ ಮೇನ್‌ಸೇಲಿನ ಲಫ್ ಏರಬಹುದಾದ ಎತ್ತರ. ಇ ಎಂದರೆ ಬೂಮಿನ ಮೇಲೆ ಫುಟ್ ಚಾಚಬಹುದಾದ ಉದ್ದ. ಐ ಎಂದರೆ ಮಾಸ್ಟಿಗೂ ಅದನ್ನು ಮುಂದಿನಿಂದ ಹಿಡಿದ ತಂತಿಯಾದ ಫೋರ್‌ಸ್ಟೇಗೂ ನಡುವಿನ ತ್ರಿಕೋನದ ಎತ್ತರ. ಜೆ ಎಂದರೆ ಮಾಸ್ಟಿನ ಮುಖದಿಂದ ಫೋರ್‌ಸ್ಟೇ ಡೆಕ್ಕಿಗೆ ಇಳಿಯುವ ಜಾಗದವರೆಗಿನ ಅಡ್ಡ ಅಂತರ. ಒಂದು ಉದಾಹರಣೆ ಹಿಡಿಯೋಣ: ಪಿ 12 ಮೀಟರ್, ಇ 4 ಮೀಟರ್ ಆದರೆ ರೋಚ್ ಬಿಟ್ಟು ಮೇನ್‌ಸೇಲ್ 12×4÷2, ಅಂದರೆ 24 ಚದರ ಮೀಟರ್. ಬೆಲೆ ವಿಚಾರಿಸಲು, ಮೂರು ಕಡೆಯ ದರ ಹೋಲಿಸಲು ಈ ಅಂಕಿಗಳು ಸಾಕು. ಹೊಲಿಯಲು ಸಾಲವು. ಒಂದೇ ಮಾದರಿಯ ದೋಣಿಗಳಲ್ಲೂ ಮಾಸ್ಟ್ ಎತ್ತರ ಬೇರೆಬೇರೆ ಇದ್ದದ್ದುಂಟು.

ಅಳೆಯಲು ಗಾಳಿಯಿಲ್ಲದ ಮುಂಜಾವು ಒಳ್ಳೆಯದು. ಹಿಗ್ಗದ 20–30 ಮೀಟರಿನ ಟೇಪು, ಒಂದು ತೆಳು ಹಗ್ಗ, ಅಂಟುಪಟ್ಟಿ, ಪೆನ್ನು, ಜೊತೆಗೊಬ್ಬರು ಬೇಕು. ಮಾಸ್ಟನ್ನು ಹಿಡಿದಿರುವ ತಂತಿಗಳ ಬಿಗಿತ ಮೊದಲೇ ಸರಿಯಾಗಿರಬೇಕು. ಸಡಿಲ ರಿಗ್ಗಿನಲ್ಲಿ ತೆಗೆದ ಅಳತೆ ಬಿಗಿಮಾಡಿದ ಮೇಲೆ ಸುಳ್ಳಾಗುತ್ತದೆ.

ಮೇನ್ ಹ್ಯಾಲ್ಯಾರ್ಡಿನ (ಮೇನ್‌ಸೇಲನ್ನು ಏರಿಸುವ ಹಗ್ಗದ) ಶಾಕಲ್‌ಗೆ, ಅಂದರೆ ತುದಿಯ ಕೊಂಡಿಗೆ, ಟೇಪಿನ ತುದಿ ಕಟ್ಟಿ. ಅದೇ ಶಾಕಲ್‌ಗೆ ತೆಳು ಹಗ್ಗವನ್ನೂ ಕಟ್ಟಿ, ಇನ್ನೊಂದು ತುದಿ ಕೈಯಲ್ಲಿರಲಿ. ಟೇಪು ಕಿತ್ತುಹೋದರೆ ಹ್ಯಾಲ್ಯಾರ್ಡ್ ಮಾಸ್ಟಿನ ತುದಿಯಲ್ಲೇ ಉಳಿದು, ಅದನ್ನು ಇಳಿಸಲು ಮನುಷ್ಯ ಮೇಲೇರಬೇಕಾಗುತ್ತದೆ. ಟೇಪಿನ ಸೊನ್ನೆ ಎಲ್ಲಿದೆ, ಶಾಕಲ್ ಪಿನ್ನು ಹಾಯಿಯನ್ನು ಹಿಡಿಯುವ ಜಾಗ ಎಲ್ಲಿದೆ, ಇವೆರಡರ ನಡುವಿನ ವ್ಯತ್ಯಾಸ ಮೊದಲೇ ಬರೆದುಕೊಳ್ಳಿ. ಈಗ ಏರಿಸಿ. ರಾಟೆಗೆ ಗುದ್ದುವವರೆಗೆ ಎಳೆಯಬೇಡಿ, ಹಾಯಿಯ ತಲೆ ದಿನನಿತ್ಯ ನಿಲ್ಲಬೇಕಾದಲ್ಲಿ ನಿಲ್ಲಿಸಿ. ಟ್ಯಾಕ್ ಪಿನ್ನಿನ ಹತ್ತಿರ ಬಿಗಿಯಾಗಿ ಹಿಡಿದು ಓದಿ. ಇಳಿಸಿ, ಮತ್ತೆ ಏರಿಸಿ, ಮತ್ತೆ ಓದಿ. ಎರಡು ಓದಿಗೂ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲ. ಲಾಫ್ಟಿನವರಿಗೆ ‘ಇದು ಏರಬಹುದಾದ ಗರಿಷ್ಠ ಎತ್ತರ’ ಎಂದು ಸ್ಪಷ್ಟ ಬರೆಯಿರಿ. ಬಟ್ಟೆ ಹಿಗ್ಗಲು ಎಷ್ಟು ಬಿಡಬೇಕೆಂದು ಅವರು ಕಳೆಯುತ್ತಾರೆ. ನೀವೂ ಕಳೆದು, ಅವರೂ ಕಳೆದರೆ ಗಿಡ್ಡ ಹಾಯಿ ಬರುತ್ತದೆ.

ಬೂಮನ್ನು ಟಾಪಿಂಗ್ ಲಿಫ್ಟಿನಿಂದ (ಬೂಮಿನ ತುದಿಯನ್ನು ಮೇಲಿನಿಂದ ಹಿಡಿಯುವ ಹಗ್ಗದಿಂದ) ಓಡುವಾಗ ಇರುವ ಎತ್ತರಕ್ಕೇ ನಿಲ್ಲಿಸಿ, ಮಾಸ್ಟಿನ ಹಿಂಬದಿಯಿಂದ ಕ್ಲೂ ಹೋಗಬಹುದಾದ ಕೊನೆಯ ಬಿಂದುವಿನವರೆಗೆ ಅಳೆಯಿರಿ. ಹ್ಯಾಲ್ಯಾರ್ಡ್ ಮೇಲೇ ಇರುವಾಗ ಟೇಪನ್ನು ಬೂಮಿನ ಆ ಬಿಂದುವಿಗೆ ತಂದು ಓರೆ ಅಳತೆಯನ್ನೂ ತೆಗೆಯಿರಿ. ಅದೇ ಲೀಚಿನ ಉದ್ದ. ಚಪ್ಪರವಿದ್ದರೆ ಬೂಮ್ ಅದರ ಮೇಲೆ ಎಷ್ಟು ಅಂತರದಲ್ಲಿ ಹಾಯುತ್ತದೆ ಎಂದು ಬರೆಯಿರಿ. ಮಾಸ್ಟನ್ನು ಹಿಂದಿನಿಂದ ಹಿಡಿದ ತಂತಿಯಾದ ಬ್ಯಾಕ್‌ಸ್ಟೇ ಮಾಸ್ಟಿನ ತುದಿಯಿಂದ ಎಷ್ಟು ಹಿಂದಿದೆ, ಬೂಮಿನ ತುದಿಯಿಂದ ಎಷ್ಟು ಹಿಂದಿದೆ ಎಂಬೆರಡು ಅಂಕಿ ಸಿಕ್ಕರೆ ರೋಚ್ ಎಷ್ಟು ಬಿಡಬಹುದೆಂದು ಅವರು ಲೆಕ್ಕ ಹಾಕುತ್ತಾರೆ.

ಇನ್ನು ಟ್ಯಾಕಿನ ಮೂಲೆ. ಅರ್ಧಕ್ಕರ್ಧ ತಪ್ಪುಗಳು ಹುಟ್ಟುವುದು ಇಲ್ಲೇ ಎಂದು ನನ್ನ ಅನುಮಾನ. ಟ್ಯಾಕ್ ಪಿನ್ನು ಮಾಸ್ಟಿನ ಗಾಡಿಯ ನೇರಕ್ಕೆ ಇರುವುದಿಲ್ಲ. ಕೆಲವು ಸೆಂಟಿಮೀಟರ್ ಹಿಂದೆ, ಕೆಲವೊಮ್ಮೆ ಬೂಮಿನ ಮಟ್ಟಕ್ಕಿಂತ ಮೇಲೆ ಇರುತ್ತದೆ. ಹಿಂದಕ್ಕೆ ಎಷ್ಟು, ಮೇಲಕ್ಕೆ ಎಷ್ಟು, ಎರಡನ್ನೂ ಮಿಲಿಮೀಟರಿನಲ್ಲಿ ಕೊಡಿ. ಇದು ತಪ್ಪಿದರೆ ಹಾಯಿ ಏರಿದಾಗ ಟ್ಯಾಕಿನಿಂದ ಮೇಲಕ್ಕೆ ನೆರಿಗೆಗಳು ಹೊರಟು ಎಷ್ಟು ಎಳೆದರೂ ಹೋಗುವುದಿಲ್ಲ. ಕ್ಲೂಗೂ ಹೀಗೇ: ಔಟ್‌ಹಾಲ್‌ನ (ಕ್ಲೂವನ್ನು ಹಿಂದಕ್ಕೆ ಎಳೆಯುವ ಹಗ್ಗದ) ಕೊಂಡಿ ಬೂಮಿನಿಂದ ಎಷ್ಟು ಮೇಲಿದೆ?

ಸ್ಲೈಡುಗಳಿಗೆ ಪದಗಳನ್ನು ನಂಬಬೇಡಿ. ಹಳೆಯ ಹಾಯಿಯಿಂದ ಒಂದನ್ನು ಬಿಚ್ಚಿ ಅಂಚೆಯಲ್ಲಿ ಕಳುಹಿಸಿ, ಇಲ್ಲವೇ ಅಳತೆಪಟ್ಟಿಯ ಪಕ್ಕ ಇಟ್ಟು ಫೋಟೋ ತೆಗೆದು ಕಳುಹಿಸಿ. ಮಾಸ್ಟಿನ ಸೀಳಿನ ಅಗಲ ಮತ್ತು ಒಳಗಿನ ಟೊಳ್ಳಿನ ಅಗಲ ಎರಡೂ ಬೇಕು. ಸ್ಲೈಡುಗಳನ್ನು ಹೊಗಿಸುವ ಬಾಗಿಲು ಬೂಮಿನಿಂದ ಎಷ್ಟು ಎತ್ತರದಲ್ಲಿದೆ ಎಂದೂ ಹೇಳಿ. ಕಾರಣ ಇದು: ಹಾಯಿ ಇಳಿಸಿದಾಗ ಸ್ಲೈಡುಗಳು ಆ ಬಾಗಿಲ ಮೇಲೆ ಒಂದರ ಮೇಲೊಂದು ಪೇರುತ್ತವೆ. ಆ ಪೇರು ಎತ್ತರವಾದರೆ ರೀಫಿನ ಉಂಗುರ ಕೆಳಗಿನ ಕೊಕ್ಕೆಗೆ ಇಳಿಯುವುದೇ ಇಲ್ಲ. ಉಂಗುರಕ್ಕೆ ಪಟ್ಟಿ ಕಟ್ಟಿ ಉದ್ದಮಾಡಿದರೆ ಇದು ಬಗೆಹರಿಯುತ್ತದೆ, ಹೊಲಿಯುವಾಗಲೇ ಗೊತ್ತಿದ್ದರೆ.

ಮುಂದಿನ ಹಾಯಿಗೆ ಇದೇ ಕ್ರಮ, ಫರ್ಲರ್‌ನ ಸ್ವಿವೆಲ್‌ಗೆ (ಹಾಯಿಯ ಹೆಡ್ ಹಿಡಿದು ತಿರುಗುವ ಮೇಲಿನ ಭಾಗಕ್ಕೆ) ಟೇಪು ಕಟ್ಟಿ. ಸ್ವಿವೆಲ್ ಮೇಲೆ ನಿಂತಾಗ ಹ್ಯಾಲ್ಯಾರ್ಡ್ ಫೋರ್‌ಸ್ಟೇಗೆ ಒಂದು ಕೋನದಲ್ಲಿ ಇಳಿಯಬೇಕು. ಹಲವು ತಯಾರಕರು 8ರಿಂದ 10 ಡಿಗ್ರಿ ಬಯಸುತ್ತಾರೆ, ನಿಮ್ಮ ಫರ್ಲರ್‌ನ ಕೈಪಿಡಿ ನೋಡಿ. ಕೋನ ಸಾಲದಿದ್ದರೆ ಸುತ್ತುವಾಗ ಹ್ಯಾಲ್ಯಾರ್ಡೂ ಫೋರ್‌ಸ್ಟೇಗೆ ಸುತ್ತಿಕೊಂಡು ಎಲ್ಲವೂ ಬಿಗಿದುಕೊಳ್ಳುತ್ತದೆ. ಹಾಯಿ ಗಿಡ್ಡದಾದರೆ ಸ್ವಿವೆಲ್ ಕೆಳಗೆ ಉಳಿಯುತ್ತದೆ. ಆಗ ಹೆಡ್‌ಗೂ ಸ್ವಿವೆಲ್‌ಗೂ ನಡುವೆ ಒಂದು ತುಂಡು ತಂತಿ ಅಥವಾ ಗಟ್ಟಿ ಹಗ್ಗ ಸೇರಿಸಬೇಕು. ಅದನ್ನೂ ಆರ್ಡರಿನಲ್ಲೇ ಸೇರಿಸಿ. ಶೀಟಿನ (ಕ್ಲೂಗೆ ಕಟ್ಟಿ ಹಾಯಿಯನ್ನು ಬಿಗಿಯುವ ಹಗ್ಗದ) ಹಳಿ ಟ್ಯಾಕಿನಿಂದ ಎಷ್ಟು ದೂರದಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ, ಸ್ಪ್ರೆಡರ್‌ಗಳು (ತಂತಿಗಳನ್ನು ಮಾಸ್ಟಿನಿಂದ ಹೊರಕ್ಕೆ ಚಾಚಿ ಹಿಡಿಯುವ ಅಡ್ಡಕಡ್ಡಿಗಳು) ಡೆಕ್ಕಿನಿಂದ ಎಷ್ಟು ಎತ್ತರ, ಎಷ್ಟು ಉದ್ದ, ಇವನ್ನೂ ಅಳೆಯಿರಿ. ಸ್ಪ್ರೆಡರ್ ಉಜ್ಜುವಲ್ಲಿ ಮತ್ತು ಬದಿಯ ಕಂಬಗಳು ಉಜ್ಜುವಲ್ಲಿ ತೇಪೆ ಬೇಕಾಗುತ್ತದೆ.

ಫೋಟೋಗಳು ಯಾವಾಗಲೂ ಹೆಚ್ಚೇ ಇರಲಿ. ಮಾಸ್ಟಿನ ತುದಿ, ಟ್ಯಾಕ್, ಕ್ಲೂ, ಬೂಮಿನ ತುದಿ, ಫರ್ಲರ್ ಡ್ರಮ್, ದೋಣಿಯ ಪೂರ್ತಿ ಪಕ್ಕನೋಟ. ನಿಮ್ಮ ಬರಹದಲ್ಲಿ ತಪ್ಪಿದ್ದರೆ ಫೋಟೋ ನೋಡಿ ಅವರೇ ಹಿಡಿಯುತ್ತಾರೆ.

ಬಟ್ಟೆ: ಎಲ್ಲರೂ ಚರ್ಚಿಸುವ ವಿಷಯ

ಬಹುಪಾಲು ಕ್ರೂಸಿಂಗ್ ದೋಣಿಗಳಿಗೆ ನೇಯ್ದ ಪಾಲಿಯೆಸ್ಟರ್ ಸಾಕು. ಇಲ್ಲಿಯ ಎಲ್ಲರೂ ಅದನ್ನು ಡೇಕ್ರಾನ್ ಎಂದೇ ಕರೆಯುತ್ತಾರೆ. ಅದು ಡ್ಯುಪಾಂಟ್ ಕಂಪನಿ ಇಟ್ಟ ವ್ಯಾಪಾರದ ಹೆಸರು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಈ ಎಳೆಯನ್ನು ಕಂಡುಹಿಡಿದರು. ಅದಕ್ಕೂ ಮುಂಚಿನವರು ಹತ್ತಿಯ ಹಾಯಿಯನ್ನು ಒದ್ದೆಯಾದಾಗಲೆಲ್ಲ ಒಣಗಿಸುತ್ತ, ಬೂಷ್ಟು ಹಿಡಿಯದಂತೆ ಕಾಯುತ್ತ ಇದ್ದರು.

ಡೇಕ್ರಾನಿನ ಒಳ್ಳೆಯದು-ಕೆಟ್ಟದ್ದು ತಿಳಿಯಲು ಹಾಸು-ಹೊಕ್ಕು ನೆನಪಿಸಿಕೊಂಡರೆ ಸಾಕು. ಮಗ್ಗದಲ್ಲಿ ಉದ್ದಕ್ಕೆ ಹೋಗುವ ಎಳೆ ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ಎಳೆಯ ನೇರಕ್ಕೆ ಜಗ್ಗಿದರೆ ಬಟ್ಟೆ ತಡೆಯುತ್ತದೆ. ಓರೆಗೆ ಜಗ್ಗಿದರೆ ಹಿಗ್ಗುತ್ತದೆ. ಪಂಚೆಯ ಮೂಲೆ ಹಿಡಿದು ಓರೆಗೆ ಎಳೆದು ನೋಡಿ, ಗೊತ್ತಾಗುತ್ತದೆ. ಹಾಯಿಯಲ್ಲಿ ಅತಿ ಹೆಚ್ಚು ಭಾರ ಬೀಳುವುದು ಲೀಚಿನ ಉದ್ದಕ್ಕೆ. ಅಡ್ಡಪಟ್ಟಿಯ ಹೊಲಿಗೆಯಲ್ಲಿ, ಅಂದರೆ ಕ್ರಾಸ್‌ಕಟ್‌ನಲ್ಲಿ, ಬಟ್ಟೆಯ ಪಟ್ಟಿಗಳು ಲೀಚ್‌ಗೆ ಲಂಬವಾಗಿ ಕೂರುತ್ತವೆ. ಆಗ ಹೊಕ್ಕು ಎಳೆಗಳು ಲೀಚಿನ ಗುಂಟ ಓಡಿ ಭಾರ ಹೊರುತ್ತವೆ. ಅದಕ್ಕೇ ಇಂಥ ಬಟ್ಟೆಯಲ್ಲಿ ಹೊಕ್ಕನ್ನು ದಪ್ಪವಾಗಿ, ಡೊಂಕಿಲ್ಲದಂತೆ ನೇಯುತ್ತಾರೆ. ಎತ್ತರ ಹೆಚ್ಚು ಅಗಲ ಕಡಿಮೆ ಇರುವ ಮೇನ್‌ಸೇಲಿಗೆ ಹೊಕ್ಕು ಬಲವಾದ ಬಟ್ಟೆ, ಅಗಲದ ಜೆನೋವಾಕ್ಕೆ ಎರಡೂ ಸಮತೂಕದ ಬಟ್ಟೆ. ಎರಡಕ್ಕೂ ಒಂದೇ ಬಟ್ಟೆ ಹೇಳುವ ಲಾಫ್ಟ್‌ಗೆ ಕಾರಣ ಕೇಳಿ.

ಟ್ರೈರೇಡಿಯಲ್ ಹೊಲಿಗೆಯಲ್ಲಿ ಮೂರು ಮೂಲೆಗಳಿಂದ ಕಿರಣದಂತೆ ಪಟ್ಟಿಗಳು ಹೊರಟು ಭಾರದ ದಾರಿಯನ್ನೇ ಹಿಡಿಯುತ್ತವೆ. ಆಕಾರ ಹೆಚ್ಚು ಕಾಲ ನಿಲ್ಲುತ್ತದೆ; ಬಟ್ಟೆ ಹೆಚ್ಚು ಹಾಳಾಗುತ್ತದೆ, ಹೊಲಿಗೆಯೂ ಹೆಚ್ಚು, ಬೆಲೆಯೂ ಹೆಚ್ಚು. ಇದಕ್ಕೆ ಹಾಸು ಬಲವಾದ ಬಟ್ಟೆಯೇ ಬೇಕು. ಸಾಮಾನ್ಯ ಡೇಕ್ರಾನನ್ನು ಈ ರೀತಿ ಕತ್ತರಿಸುವುದಕ್ಕೆ ಅರ್ಥವಿಲ್ಲ.

ತೂಕವನ್ನು ಔನ್ಸಿನಲ್ಲಿ ಹೇಳುತ್ತಾರೆ. ಇದು ಹಾಯಿ ಹೊಲಿಯುವವರದ್ದೇ ಔನ್ಸ್: 36 ಇಂಚು ಉದ್ದ, 28.5 ಇಂಚು ಅಗಲದ ತುಂಡಿನ ತೂಕ. ಒಂದು ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 43 ಗ್ರಾಂ. ಹತ್ತು-ಹನ್ನೊಂದು ಮೀಟರಿನ ದೋಣಿಗೆ 7ರಿಂದ 8 ಔನ್ಸ್, ಅಂದರೆ 300ರಿಂದ 340 ಗ್ರಾಂ, ಸಾಮಾನ್ಯ. ಆದರೆ ತೂಕವೊಂದೇ ನೋಡಿ ಮೋಸಹೋಗಬೇಡಿ. ಸಡಿಲವಾಗಿ ನೇಯ್ದು ರಾಳ ತುಂಬಿದ ಅಗ್ಗದ ಬಟ್ಟೆಯೂ ಹೊಸದರಲ್ಲಿ ರಟ್ಟಿನಂತೆ ಗಟ್ಟಿಯಾಗಿರುತ್ತದೆ. ಒಂದೆರಡು ಋತು ಗಾಳಿಗೆ ಬಡಿದುಕೊಂಡ ಮೇಲೆ ರಾಳ ಒಡೆದು ಚೀಲವಾಗುತ್ತದೆ. ಕೊಟೇಶನ್ನಿನಲ್ಲಿ ಬಟ್ಟೆ ತಯಾರಕರ ಹೆಸರು ಮತ್ತು ಬಟ್ಟೆಯ ಪೂರ್ಣ ಸಂಖ್ಯೆ ಇರಲೇಬೇಕು. ‘ಉತ್ತಮ ಗುಣಮಟ್ಟದ ಡೇಕ್ರಾನ್’ ಎಂದಷ್ಟೇ ಬರೆದರೆ ಏನೂ ಬರೆದಂತಲ್ಲ.

ಲ್ಯಾಮಿನೇಟ್ ಹಾಯಿಗಳಲ್ಲಿ ಪ್ಲಾಸ್ಟಿಕ್ ಪೊರೆಗೆ ಎಳೆಗಳನ್ನು ಅಂಟಿಸಿರುತ್ತಾರೆ. ಹಗುರ, ಆಕಾರ ಚೆನ್ನ. ಆದರೆ ಪದರಗಳ ನಡುವೆ ತೇವ ಸೇರಿ ಬೂಷ್ಟು ಹಿಡಿಯುತ್ತದೆ, ಕೊನೆಗೆ ಪದರ ಬಿಡುತ್ತದೆ. ಡೇಕ್ರಾನ್ ಮೆಲ್ಲಗೆ ಮುದಿಯಾಗುತ್ತದೆ, ಲ್ಯಾಮಿನೇಟ್ ಒಂದು ದಿನ ಕೈಕೊಡುತ್ತದೆ. ದೂರ ಹೋಗುವವರಿಗೆ, ಹಾಯಿಯನ್ನು ಮಳೆಬಿಸಿಲಿಗೆ ಬಿಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ಹಣವಿದ್ದರೆ ಡೈನೀಮಾ ಎಂಬ ಬಹು ಬಲವಾದ ಕೃತಕ ಎಳೆಗಳನ್ನು ಪಾಲಿಯೆಸ್ಟರ್ ಜೊತೆಯೇ ನೇಯ್ದ ಬಟ್ಟೆಯಿದೆ; ಡೈಮೆನ್ಷನ್-ಪಾಲಿಯಂಟ್ ಕಂಪನಿಯ ಹೈಡ್ರಾ ನೆಟ್ ಈ ಬಗೆಯದು. ಪೊರೆಯಿಲ್ಲದ್ದರಿಂದ ಪದರ ಬಿಡುವ ಮಾತಿಲ್ಲ.

ಮೇನ್‌ಸೇಲಿನಲ್ಲಿ ಹೇಳಬೇಕಾದ್ದು

ಬ್ಯಾಟನ್‌ಗಳು (ಹಾಯಿಯನ್ನು ಹರಡಿ ಹಿಡಿಯುವ ಗಟ್ಟಿ ಕಡ್ಡಿಗಳು) ಪೂರ್ತಿ ಅಗಲದವೋ, ಗಿಡ್ಡವೋ? ಪೂರ್ತಿ ಅಗಲದವು ಹಾಯಿ ಬಡಿದುಕೊಳ್ಳುವುದನ್ನು ತಗ್ಗಿಸುತ್ತವೆ, ಇಳಿಸಿದ ಹಾಯಿಯನ್ನು ಹಿಡಿಯುವ ಲೇಜಿಜ್ಯಾಕ್ ಹಗ್ಗಗಳ ನಡುವೆ ಬೂಮಿನ ಮೇಲೆ ಮಡಿಕೆಯಾಗಿ ಕೂರುತ್ತವೆ. ಆದರೆ ಬ್ಯಾಟನ್ ಮಾಸ್ಟಿನ ಕಡೆಗೆ ನೂಕುತ್ತದೆ. ಅದಕ್ಕೆ ಸರಿಯಾದ ಕಾರ್ (ಬ್ಯಾಟನ್ ತುದಿಯನ್ನು ಹಿಡಿದು ಮಾಸ್ಟಿನ ಗುಂಟ ಜಾರುವ ಬಿಡಿಭಾಗ) ಇಲ್ಲದಿದ್ದರೆ ಸ್ಲೈಡು ಗಾಡಿಯಲ್ಲಿ ಕಚ್ಚಿಕೊಂಡು, ಜೋರುಗಾಳಿಯಲ್ಲಿ ಹಾಯಿ ಇಳಿಯುವುದೇ ಇಲ್ಲ. ಮೇಲಿನೆರಡು ಪೂರ್ತಿ, ಕೆಳಗಿನೆರಡು ಗಿಡ್ಡ, ಇದು ಹಳೆಯ ಸ್ಲೈಡಿನ ದೋಣಿಗೆ ಒಳ್ಳೆಯ ರಾಜಿ.

ರೀಫ್‌ಗಳ ಆಳವನ್ನು ನೀವೇ ಕೇಳಿ. ಲಫ್‌ನ 15 ಶೇಕಡ ಇಳಿಸಿದರೆ ತ್ರಿಕೋನದ ಲೆಕ್ಕದಲ್ಲಿ 0.85ರ ವರ್ಗ, ಅಂದರೆ 72 ಶೇಕಡ ಹಾಯಿ ಉಳಿಯುತ್ತದೆ. 30 ಶೇಕಡ ಇಳಿಸಿದರೆ 49. ಮೂರನೆಯ ರೀಫಿಗೆ 45 ಶೇಕಡ ಇಳಿಸಿದರೆ 30 ಮಾತ್ರ. ತೀರದಿಂದ ದೂರ ಹೋಗುವವರು ಮೂರನೆಯದನ್ನು ಹೊಲಿಸಲೇಬೇಕು, ಅದೂ ನಿಜವಾಗಿ ಆಳಕ್ಕೆ. ಎರಡನೆಯದಕ್ಕಿಂತ ಒಂದು ಮೊಳ ಮೇಲಿರುವ ಮೂರನೆಯ ರೀಫಿನಿಂದ ಪ್ರಯೋಜನವಿಲ್ಲ. ಎರಡೇ ರೀಫ್ ಇಡುವವರು ಅವೆರಡನ್ನೂ ರೂಢಿಗಿಂತ ಸ್ವಲ್ಪ ಆಳಕ್ಕೆ ಕೇಳಲಿ.

ಲೀಚಿನ ಅಂಚಿನೊಳಗೆ ಓಡುವ ತೆಳು ಹಗ್ಗವನ್ನು ಕಟ್ಟುವ ಕಚ್ಚು ಪ್ರತಿ ರೀಫಿಗೂ ಇರಲಿ. ಇನ್ನೂ ಒಳ್ಳೆಯದು, ಅದು ಹೆಡ್ ಸುತ್ತಿಕೊಂಡು ಲಫ್ ಕಡೆಗೆ ಇಳಿದು ಮಾಸ್ಟಿನ ಹತ್ತಿರವೇ ಕೈಗೆ ಸಿಗುವಂತಿರಲಿ. ರೀಫ್ ಹಾಕಿದ ಹಾಯಿಯ ಲೀಚ್ ಪಟಪಟ ಬಡಿಯುವಾಗ, ಬೂಮಿನ ತುದಿಗೆ ಜೋತುಬಿದ್ದು ಅದನ್ನು ಬಿಗಿಯುವ ಆಸೆ ಯಾರಿಗೂ ಇರದು. ಫುಟ್ ಬೂಮಿನ ಗಾಡಿಯಲ್ಲಿ ಕೂರಬೇಕೋ, ಟ್ಯಾಕ್-ಕ್ಲೂ ಎರಡೇ ಕಡೆ ಹಿಡಿದು ನಡುವೆ ಬಿಡುವಾಗಿರಬೇಕೋ ಹೇಳಿ. ನನ್ನ ಮತ ಬಿಡುವಿನ ಕಡೆಗೆ. ಆಕಾರ ಹೊಂದಿಸುವುದು ಸುಲಭ, ಹೊಲಿಗೆಯೂ ಕಡಿಮೆ.

ಜೆನೋವಾದಲ್ಲಿ ಹೇಳಬೇಕಾದ್ದು

ಗಾತ್ರವನ್ನು ಶೇಕಡದಲ್ಲಿ ಹೇಳುತ್ತಾರೆ. ಕ್ಲೂನಿಂದ ಲಫ್‌ಗೆ ಎಳೆದ ಲಂಬದ ಉದ್ದವನ್ನು ಜೆ ಜೊತೆ ಹೋಲಿಸಿದ ಲೆಕ್ಕ. ಜೆ 4 ಮೀಟರ್ ಇದ್ದರೆ 135 ಶೇಕಡದ ಜೆನೋವಾದ ಲಂಬ 5.4 ಮೀಟರ್, ಲಫ್ 13.3 ಮೀಟರ್ ಆದರೆ ವಿಸ್ತೀರ್ಣ ಸುಮಾರು 36 ಚದರ ಮೀಟರ್. ಹಳೆಯದು 150 ಇತ್ತು ಎಂದು ಮತ್ತೆ 150 ಹೊಲಿಸುವವರೇ ಹೆಚ್ಚು. ಅವರ ದೋಣಿಗಳನ್ನು ನೋಡಿದರೆ ಅರ್ಧ ಸುತ್ತಿದ ಹಾಯಿಯಲ್ಲೇ ಹೆಚ್ಚು ದಿನ ಓಡುತ್ತಿರುತ್ತಾರೆ. ಫರ್ಲರ್‌ನ ಮೇಲೆ 30 ಶೇಕಡ ಸುತ್ತುವಷ್ಟರಲ್ಲಿ ಯಾವ ಹಾಯಿಯಾದರೂ ಆಕಾರ ಕಳೆದುಕೊಳ್ಳುತ್ತದೆ. 125–135ರ ಹಾಯಿ, ಲಫ್‌ನ ಗುಂಟ ಫೋಮ್ ಅಥವಾ ಹಗ್ಗದ ತುಂಬು ಇದ್ದರೆ, ಸುತ್ತಿದಾಗ ನಡುವಿನ ಉಬ್ಬು ಬೇಗ ಹೀರಿಕೊಂಡು ಚಪ್ಪಟೆಯಾಗುತ್ತದೆ. ಸಣ್ಣ ಗಾಳಿಯಲ್ಲಿ ಸ್ವಲ್ಪ ವೇಗ ಕಳೆದುಕೊಳ್ಳುತ್ತೀರಿ, ಅಷ್ಟೇ.

ಲಫ್ ಟೇಪಿನ (ಫರ್ಲರ್‌ನ ಗಾಡಿಗೆ ತೂರುವ ಅಂಚುಪಟ್ಟಿಯ) ನಂಬರು 5 ಅಥವಾ 6 ಇರುವುದು ಹೆಚ್ಚು. ಎರಡಕ್ಕೂ ಒಂದು ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲ, ಆದರೂ ದಪ್ಪದ್ದು ಸಣ್ಣ ಗಾಡಿಗೆ ಹೋಗದು, ತೆಳ್ಳನೆಯದು ದೊಡ್ಡ ಗಾಡಿಯಿಂದ ಕಿತ್ತುಬರುತ್ತದೆ. ಫರ್ಲರ್‌ನ ಹೆಸರು, ಮಾದರಿ ಬರೆದು, ಹಳೆಯ ಟೇಪಿನ ಒಂದು ತುಂಡನ್ನೂ ಕಳುಹಿಸಿ.

ಬಿಸಿಲ ಪಟ್ಟಿಗೆ ಎರಡು ಆಯ್ಕೆ: ಸನ್‌ಬ್ರೆಲ್ಲಾದಂಥ ಅಕ್ರಿಲಿಕ್ ಬಟ್ಟೆ ಭಾರ, ಬಾಳಿಕೆ ಹೆಚ್ಚು, ಬಿಸಿಲು ತಡೆಯುವಂತೆ ಮಾಡಿದ ಡೇಕ್ರಾನ್ ಹಗುರ, ಬಾಳಿಕೆ ಕಡಿಮೆ. ದೋಣಿಯನ್ನು ಬಿಸಿಲಿನಲ್ಲೇ ನಿಲ್ಲಿಸುವವರಿಗೆ ಮೊದಲನೆಯದೇ. ಆ ಪಟ್ಟಿಯನ್ನು ಟೆನಾರಾದಂಥ ಪಿಟಿಎಫ್ಇ ದಾರದಲ್ಲಿ ಹೊಲಿಸಿ. ಬೆಲೆ ಹೆಚ್ಚು, ಆದರೆ ಬಿಸಿಲು ಅದಕ್ಕೆ ನಾಟುವುದಿಲ್ಲ. ಇನ್ನು ಯಾವ ಬದಿಗೆ ಎಂಬುದು: ಹಾಯಿ ಸುತ್ತಿರುವಾಗ ಹೊರಗೆ ಕಾಣುವುದು ದೋಣಿಯ ಎಡಬದಿಯ ಮೈಯೋ ಬಲಬದಿಯ ಮೈಯೋ ಎಂದು ಡೆಕ್ಕಿನ ಮೇಲೆ ನಿಂತು, ಕಣ್ಣಾರೆ ನೋಡಿ ಬರೆಯಿರಿ. ನಾನು ಕೊನೆಗೆ ಡ್ರಮ್ಮಿನ ಹಗ್ಗವನ್ನು ಎದುರು ದಿಕ್ಕಿಗೆ ಸುತ್ತಿ, ಅದು ಹಾಯುವ ರಾಟೆಗಳನ್ನೆಲ್ಲ ದೋಣಿಯ ಇನ್ನೊಂದು ಬದಿಗೆ ಸಾಗಿಸಿ ಪಾರಾದೆ. ಡೆಕ್ಕಿನಲ್ಲಿ ಹಳೆಯ ತೂತುಗಳು ಈಗಲೂ ಇವೆ, ಮುಚ್ಚಿದ ತೇಪೆಯೊಂದಿಗೆ.

ಕ್ಲೂ ಎತ್ತರ ಮರೆಯಬೇಡಿ. ಕೆಳಗಿದ್ದರೆ ಹಾಯಿ ದೊಡ್ಡದು, ಮುಂದಿನ ನೋಟ ಕಡಿಮೆ. ಸ್ವಲ್ಪ ಮೇಲಿದ್ದರೆ ಮುಂದಿನದು ಕಾಣುತ್ತದೆ, ಅಲೆ ಹಾಯಿಗೆ ಬಡಿಯುವುದಿಲ್ಲ, ಸುತ್ತುತ್ತ ಹೋದಂತೆ ಶೀಟಿನ ರಾಟೆಯನ್ನು ಸರಿಸುವ ಗೋಳೂ ಕಡಿಮೆ. ಆದರೆ ಹಳಿ ಅಷ್ಟು ಹಿಂದಕ್ಕೆ ಹೋಗಬೇಕು. ಹಳಿಯ ಅಳತೆ ಕೇಳಿದ್ದು ಅದಕ್ಕೇ.

ಕೊಟೇಶನ್ ಓದುವುದು, ಹಣ ಕಟ್ಟುವುದು

ಮೂರು ಕೊಟೇಶನ್‌ಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಮಾತ್ರ ಬಹಳ ಅಗ್ಗವಾಗಿ ಕಾಣುವುದುಂಟು. ಅದರಲ್ಲಿ ಬ್ಯಾಟನ್‌ಗಳು ಸೇರಿವೆಯೇ, ಕಾರ್‌ಗಳು ಸೇರಿವೆಯೇ, ಮೂರನೆಯ ರೀಫ್, ಬಿಸಿಲ ಪಟ್ಟಿ, ಚೀಲ, ಸಾಗಣೆ, ಆಮದು ಸುಂಕ ಸೇರಿವೆಯೇ ನೋಡಿ. ಎಲ್ಲವನ್ನೂ ಕೂಡಿಸಿದ ಮೇಲೂ ಅಗ್ಗವಿದ್ದರೆ ವಿಸ್ತೀರ್ಣ ಹೋಲಿಸಿ; ಕೆಲವೊಮ್ಮೆ ಹಾಯಿಯೇ ಚಿಕ್ಕದು. ಮೂಲೆಗಳ ತೇಪೆ ಎಷ್ಟು ಪದರ, ಹೊಲಿಗೆ ಎಷ್ಟು ಸಾಲು ಎಂದು ಕೇಳಿ. ದೂರ ಹೋಗುವ ಹಾಯಿಗೆ ಪಟ್ಟಿಗಳ ಜೋಡಣೆಯಲ್ಲಿ ಮೂರು ಸಾಲು ಅಂಕುಡೊಂಕು ಹೊಲಿಗೆ ಕೇಳಿದರೆ ತಪ್ಪಿಲ್ಲ.

ಆರ್ಡರ್ ಕೊಡಲು ಋತು ಮುಗಿಯುವ ಹೊತ್ತು ಸೂಕ್ತ. ಆಗ ಲಾಫ್ಟ್‌ಗಳಿಗೆ ಕೆಲಸ ಕಡಿಮೆ, ರಿಯಾಯಿತಿಯೂ ಸಿಗುವುದುಂಟು, ಮುಖ್ಯವಾಗಿ ನಿಮ್ಮ ಪ್ರಶ್ನೆಗಳಿಗೆ ಪುರುಸೊತ್ತು ಇರುತ್ತದೆ. ಮುಂಗಡ ಕಟ್ಟುವ ಮೊದಲು ಹೊಲಿಗೆಯ ನಕ್ಷೆ ತರಿಸಿಕೊಳ್ಳಿ. ಲಫ್, ಲೀಚ್, ಫುಟ್, ರೀಫ್ ಎತ್ತರ, ಪಟ್ಟಿಯ ಬದಿ, ಸ್ಲೈಡುಗಳ ಸಂಖ್ಯೆ ಎಲ್ಲ ಅದರಲ್ಲಿ ಇರಬೇಕು. ಟೇಪು ಹಿಡಿದು ಇನ್ನೊಮ್ಮೆ ದೋಣಿಗೆ ಹೋಗಿ ಒಂದೊಂದನ್ನೂ ತಾಳೆ ನೋಡಿ, ಆಮೇಲೆ ಒಪ್ಪಿಗೆ ಕಳುಹಿಸಿ. ಹಾಯಿ ಹೊಂದದಿದ್ದರೆ ತಿದ್ದಿಕೊಡುವುದು ಎಷ್ಟು ಕಾಲದವರೆಗೆ ಉಚಿತ, ಸಾಗಣೆ ಯಾರ ಖರ್ಚು ಎಂಬುದನ್ನು ಬರಹದಲ್ಲೇ ಪಡೆಯಿರಿ.

ಬಂದ ಮೇಲೆ

ಹಳೆಯ ಹಾಯಿಯನ್ನು ಹೊಸದು ಏರಿ ನಿಲ್ಲುವವರೆಗೆ ಮಾರಬೇಡಿ, ಹರಿಯಬೇಡಿ. ಪೊಟ್ಟಣ ಬಿಚ್ಚಿದ ದಿನವೇ ಲಫ್, ಲೀಚ್, ಫುಟ್ ಅಳೆದು ನಕ್ಷೆಗೆ ಹೋಲಿಸಿ. ಗಾಳಿಯಿಲ್ಲದಾಗ ಕಟ್ಟೆಗೆ ಕಟ್ಟಿದಲ್ಲೇ ಏರಿಸಿ ಪ್ರತಿ ರೀಫನ್ನೂ ಹಾಕಿ ನೋಡಿ: ಉಂಗುರ ಕೊಕ್ಕೆಗೆ ಎಟುಕಿತೇ, ಕ್ಲೂ ಹಗ್ಗ ಹಿಂದಕ್ಕೂ ಕೆಳಕ್ಕೂ ಎಳೆಯುತ್ತದೆಯೇ, ಬೂಮು ಚಪ್ಪರಕ್ಕೆ ತಾಗುತ್ತದೆಯೇ. ಬ್ಯಾಟನ್‌ಗಳನ್ನು, ಪಾಕೆಟಿನ ಮೇಲಿನ ಅಡ್ಡ ನೆರಿಗೆಗಳು ಮಾಯವಾಗುವಷ್ಟು ಮಾತ್ರ ಬಿಗಿಮಾಡಿ.

ಮೊದಲ ಓಟ ಎಂಟು-ಹತ್ತು ನಾಟ್ ಗಾಳಿಯಲ್ಲಿ ಇರಲಿ. ಹಳೆಯ ಹಾಯಿಗೆ ತೆಗೆದಂತೆ ಫುಟ್‌ನ ನಡುವಿನಿಂದ ಮೇಲಕ್ಕೆ ಫೋಟೋ ತೆಗೆಯಿರಿ, ಎರಡೂ ಬದಿಗೆ ಓಡಿಸಿ ತೆಗೆಯಿರಿ, ಹ್ಯಾಲ್ಯಾರ್ಡ್ ಬಿಗಿದು ಒಮ್ಮೆ, ಸಡಿಲಿಸಿ ಒಮ್ಮೆ. ಟ್ಯಾಕಿನಿಂದ ಏಳುವ ನೆರಿಗೆ, ಲೀಚಿನ ಕೊಕ್ಕೆ, ಲಫ್‌ನ ಪಕ್ಕದ ಲಂಬ ಸುಕ್ಕು ಕಂಡರೆ, ಹ್ಯಾಲ್ಯಾರ್ಡ್ ಹೊಂದಿಸಿಯೂ ಹೋಗದಿದ್ದರೆ, ಗಾಳಿಯ ವೇಗ ಬರೆದು ಆ ಫೋಟೋಗಳನ್ನು ಅದೇ ವಾರ ಲಾಫ್ಟ್‌ಗೆ ಕಳುಹಿಸಿ. ‘ನಾಲ್ಕು ದಿನ ಓಡಿಸಿದರೆ ಸರಿಹೋದೀತು’ ಎಂದು ಕಾಯುವವರ ಹಾಯಿ ಲಾಫ್ಟ್ ತಲುಪುವಷ್ಟರಲ್ಲಿ ಉಚಿತವಾಗಿ ತಿದ್ದಿಕೊಡುವ ಅವಧಿ ಮುಗಿದಿರುತ್ತದೆ.